ಮೆಟಲ್ ಡಿಟೆಕ್ಟರ್ ಕೂರಿಸುವ ಮೊದಲು ಸುತ್ತಲಿನ ಕಬ್ಬಿಣ ನೋಡಿ

ಪ್ಯಾಕೆಟ್‌ನಲ್ಲಿ ಏನೂ ಇಲ್ಲ, ಆದರೂ ಆಹಾರ ಕಾರ್ಖಾನೆಯ ಪ್ಯಾಕಿಂಗ್ ಲೈನ್‌ಗೆ ತಂದ ಹೊಸ ಮೆಟಲ್ ಡಿಟೆಕ್ಟರ್ ಕೂಗುತ್ತಲೇ ಇದೆ. ಬೇಸತ್ತ ಆಪರೇಟರ್ ಸೆನ್ಸಿಟಿವಿಟಿ ಇಳಿಸುತ್ತಾನೆ. ಕೂಗು ನಿಲ್ಲುತ್ತದೆ, ಲೋಹ ಹಿಡಿಯುವುದೂ ನಿಲ್ಲುತ್ತದೆ. ನಾನು ನೋಡಿದ ಮಟ್ಟಿಗೆ ಇಂಥ ಕಡೆ ಹೆಚ್ಚಿನ ಸಲ ತಪ್ಪು ಮೆಷಿನ್‌ನದ್ದಲ್ಲ, ಕೂರಿಸಿದವರದ್ದು.

ಒಳಗೆ ಇರುವುದು ಮೂರು ಕಾಯಿಲ್. ನಡುವಿನದು ಕಾಂತಕ್ಷೇತ್ರ ಹರಡುತ್ತದೆ. ಅದರ ಎರಡು ಬದಿಯಲ್ಲಿ ಸಮ ದೂರಕ್ಕಿರುವ ಕಾಯಿಲ್‌ಗಳು ಅದನ್ನು ಹಿಡಿಯುತ್ತವೆ. ಎರಡಕ್ಕೂ ಸಿಗುವ ಸಿಗ್ನಲ್ ಒಂದೇ ಅಳತೆಯದು. ಅವನ್ನು ವಿರುದ್ಧವಾಗಿ ಜೋಡಿಸಿರುವುದರಿಂದ ಲೆಕ್ಕ ಸೊನ್ನೆಗೆ ನಿಲ್ಲುತ್ತದೆ, ಥೇಟ್ ತಕ್ಕಡಿಯ ಹಾಗೆ. ಲೋಹದ ಚೂರು ಹಾದುಹೋದರೆ ತಕ್ಕಡಿ ವಾಲುತ್ತದೆ. ಆದರೆ ವಾಲಿಸಿದ್ದು ಪ್ಯಾಕೆಟ್ ಒಳಗಿನ ಚೂರೋ, ಪಕ್ಕದಲ್ಲಿ ಅಲುಗಿದ ಬೋಲ್ಟೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲು ಜಾಗ ಆರಿಸಿ. ಪ್ಯಾಕ್ ಆದ ಮೇಲೆ ಪರೀಕ್ಷಿಸುವುದು ಒಳ್ಳೆಯದು, ಆಮೇಲೆ ಏನೂ ಒಳಗೆ ಸೇರಲಾರದು. ಅಲ್ಯೂಮಿನಿಯಂ ಫಾಯಿಲ್ ಪ್ಯಾಕ್ ಆದರೆ ಮಾತ್ರ ಸೀಲ್ ಮಾಡುವ ಮೊದಲೇ ಪರೀಕ್ಷೆ ಮುಗಿಸಬೇಕು. ಮೆಷಿನ್‌ನ ಬಾಯಿ ನಿಮ್ಮ ಸರಕು ಆರಾಮಾಗಿ ದಾಟುವಷ್ಟಿದ್ದರೆ ಸಾಕು. ಮುಂದೆ ಬೇಕಾಗಬಹುದು ಅಂತ ಸುಮ್ನೆ ದೊಡ್ಡದು ತಂದರೆ ಸಣ್ಣ ಚೂರು ತಪ್ಪಿಸಿಕೊಳ್ಳುತ್ತದೆ.

ಈಗ ಟೇಪ್ ಹಿಡಿದು ಅಳೆಯಿರಿ. ಬಾಯಿಯ ಎರಡೂ ಕಡೆ ಲೋಹವೇ ಇಲ್ಲದ ಜಾಗ ಬಿಡಬೇಕು. ಸಾಮಾನ್ಯ ಲೆಕ್ಕ ಹೀಗೆ: ಅಲುಗದ ಲೋಹಕ್ಕೆ ಬಾಯಿಯ ಎತ್ತರದ ಒಂದೂವರೆ ಪಟ್ಟು, ರೋಲರ್‌ನಂಥ ಚಲಿಸುವ ಲೋಹಕ್ಕೆ ಎರಡು ಪಟ್ಟು. ಬಾಯಿ 150 ಮಿ.ಮೀ. ಎತ್ತರವಿದ್ದರೆ 225 ಮತ್ತು 300 ಮಿ.ಮೀ. ಆಯಿತು. ನಿಮ್ಮ ಮೆಷಿನ್‌ನ ಮ್ಯಾನುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಿ.

ದೂರ ಬಿಟ್ಟರೂ ಕಾಡುವ ಇನ್ನೊಂದು ಪೀಡೆ ಇದೆ: ಲೂಪ್. ಕನ್ವೇಯರ್ ಫ್ರೇಮ್‌ನ ಲೋಹದ ಭಾಗಗಳು ಸೇರಿ ಒಂದು ಸುತ್ತು ಆದರೆ ಅದರಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಅದು ಒಂದೇ ಸಮ ಹರಿದರೆ ತೊಂದರೆ ಇಲ್ಲ. ಜೋಡಣೆ ಸಡಿಲವಾಗಿ ಒಮ್ಮೆ ತಾಗಿ ಒಮ್ಮೆ ಬಿಟ್ಟರೆ ಮೆಷಿನ್‌ಗೆ ಅದೂ ಲೋಹದ ಚೂರೇ. ಒಮ್ಮೆ ಒಂದು ಕಾರ್ಖಾನೆಯಲ್ಲಿ ಇಡೀ ದಿನ ಸೆಟ್ಟಿಂಗ್ ಬದಲಿಸಿ ಸೋತೆವು. ಸಂಜೆ ಸಿಕ್ಕಿದ್ದು ಫ್ರೇಮ್‌ನ ಕಾಲಿನಲ್ಲಿ ಅರ್ಧ ಸುತ್ತು ಸಡಿಲವಾಗಿದ್ದ ಒಂದು ನಟ್! ಅದಕ್ಕೇ ಹತ್ತಿರದ ಜಾಯಿಂಟ್‌ಗಳನ್ನು ಬೋಲ್ಟ್ ಬದಲು ಪೂರ್ತಿ ವೆಲ್ಡ್ ಮಾಡಿಸಿ. ರೋಲರ್ ಶಾಫ್ಟ್‌ನ ಒಂದು ತುದಿಗೆ ಇನ್ಸುಲೇಷನ್ ಕೊಡಿ. ಡಿಟೆಕ್ಟರ್‌ನ ಪಾದಗಳನ್ನೂ ಇನ್ಸುಲೇಟ್ ಆದ ಮೌಂಟ್ ಮೇಲೆ ಕೂರಿಸಿ.

ಬೆಲ್ಟ್‌ನಲ್ಲಿ ಲೋಹದ ಕ್ಲಿಪ್ ಇರಬಾರದು, ಕಾರ್ಬನ್ ಸೇರಿಸಿದ ಆಂಟಿಸ್ಟ್ಯಾಟಿಕ್ ಬೆಲ್ಟ್ ಕೂಡ ಬೇಡ. ಕರೆಂಟಿಗೆ ಬೇರೆಯದೇ ಲೈನ್ ಎಳೆಯಿರಿ. ಮೋಟಾರ್ ವೇಗ ಬದಲಿಸುವ ಡ್ರೈವ್‌ನ ಕೇಬಲ್ ಜೊತೆ ಡಿಟೆಕ್ಟರ್ ಕೇಬಲ್ ಓಡಿಸಬೇಡಿ. ಅರ್ಥಿಂಗ್ ಗಟ್ಟಿಯಾಗಿರಲಿ.

ಮುಂದಿನದು ರಿಜೆಕ್ಟ್, ಅಂದರೆ ಲೋಹ ಸಿಕ್ಕ ಪ್ಯಾಕೆಟ್ಟನ್ನು ಪುಷರ್ ಲೈನಿನಿಂದ ಹೊರಗೆ ತಳ್ಳುವುದು. ಡಿಟೆಕ್ಟರ್‌ನಿಂದ ಪುಷರ್‌ಗೆ 600 ಮಿ.ಮೀ., ಬೆಲ್ಟ್ ವೇಗ ನಿಮಿಷಕ್ಕೆ 30 ಮೀಟರ್ ಇದ್ದರೆ ಪ್ಯಾಕೆಟ್ ಅಲ್ಲಿ ತಲುಪಲು 1.2 ಸೆಕೆಂಡ್ ಬೇಕು. ವೇಗ ಆಗಾಗ ಬದಲಾಗುವ ಲೈನ್‌ನಲ್ಲಿ ಟೈಮರ್ ನಂಬಬೇಡಿ, ಬೆಲ್ಟ್ ಎಷ್ಟು ದೂರ ಓಡಿತು ಅಂತ ಅಳೆಯುವ ಎನ್‌ಕೋಡರ್ ಹಾಕಿಸಿ. ಪ್ಯಾಕೆಟ್ ಬಂದದ್ದನ್ನು ಬೆಳಕಿನಿಂದ ಗುರುತಿಸುವ ಫೋಟೊ ಸೆನ್ಸರ್ ಇಲ್ಲದಿದ್ದರೆ ಚೂರು ಪ್ಯಾಕೆಟ್‌ನ ಮುಂಭಾಗದಲ್ಲಿದೆಯೋ ಹಿಂಭಾಗದಲ್ಲಿದೆಯೋ ಎಂಬುದರ ಮೇಲೆ ಪೆಟ್ಟು ಹಿಂದುಮುಂದಾಗುತ್ತದೆ, ಕೆಲವೊಮ್ಮೆ ಪಕ್ಕದ ಒಳ್ಳೆಯ ಪ್ಯಾಕೆಟ್ ಬೀಳುತ್ತದೆ. ರಿಜೆಕ್ಟ್ ಡಬ್ಬಿಗೆ ಬೀಗ ಇರಲೇಬೇಕು. ಬಿದ್ದ ಪ್ಯಾಕೆಟ್ಟನ್ನು ಯಾರೋ ಎತ್ತಿ ಮತ್ತೆ ಲೈನಿಗೆ ಇಡುವುದು ನೀವಂದುಕೊಂಡಿದ್ದಕ್ಕಿಂತ ಜಾಸ್ತಿ.

ಇಷ್ಟಾದ ಮೇಲೆ ಸರಕನ್ನು ಮೆಷಿನ್‌ಗೆ ಕಲಿಸಿ, ಅಂದರೆ ಸರಕಿನದೇ ಸಿಗ್ನಲ್ ಕಂಡು ಕೂಗದಂತೆ ಹೊಂದಿಸಿ. ಒಣ ಬಿಸ್ಕತ್ತು ಸುಮ್ಮನೆ ದಾಟುತ್ತದೆ. ತೇವ, ಉಪ್ಪು ಇರುವ ಚೀಸ್ ತಾನೇ ಸಿಗ್ನಲ್ ಕೊಡುತ್ತದೆ. ಸರಕು ದಿನವೂ ಯಾವ ಉಷ್ಣಾಂಶದಲ್ಲಿ ಓಡುತ್ತದೋ ಅದೇ ಉಷ್ಣಾಂಶದಲ್ಲಿ ಕಲಿಸಿ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದನ್ನು ಕಲಿಸಿ ಅರೆ ಕರಗಿದ್ದನ್ನು ಓಡಿಸಿದರೆ ಕೂಗು ಗ್ಯಾರಂಟಿ.

ಕೊನೆಗೆ ಟೆಸ್ಟ್. ಕಬ್ಬಿಣ, ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಹೀಗೆ ಮೂರು ಬಗೆಯ ಸಣ್ಣ ಟೆಸ್ಟ್ ಗುಂಡುಗಳನ್ನು ಬಳಸಿ. ಸ್ಟೇನ್‌ಲೆಸ್ ಹಿಡಿಯುವುದೇ ಕಷ್ಟ, ಏಕೆಂದರೆ ಅದರ ಹೆಚ್ಚಿನ ಬಗೆಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕರೆಂಟನ್ನೂ ಚೆನ್ನಾಗಿ ಹರಿಸುವುದಿಲ್ಲ. ಗುಂಡು ಬಾಯಿಯ ನಟ್ಟನಡುವೆ ಹಾದುಹೋಗಲಿ, ಅಲ್ಲೇ ಮೆಷಿನ್ ದುರ್ಬಲ. ಪ್ಯಾಕೆಟ್‌ನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಇಟ್ಟು ನೋಡಿ. ಮೆಷಿನ್ ಕೂಗಿದರೆ ಸಾಲದು, ಪ್ಯಾಕೆಟ್ ಡಬ್ಬಿಗೆ ಬಿದ್ದಿದೆಯಾ ಅಂತಲೂ ನೋಡಬೇಕು, ಅಲ್ವಾ? ಪಾಳಿಯ ಶುರುವಿನಲ್ಲಿ, ಕೊನೆಯಲ್ಲಿ, ಸರಕು ಬದಲಾದಾಗ, ನಡುನಡುವೆ ಕೂಡ ಇದನ್ನು ಮಾಡಿ ಬರೆದಿಡಿ. ಒಂದು ಟೆಸ್ಟ್ ಫೇಲ್ ಆದರೆ ಹಿಂದಿನ ಪಾಸ್ ಆದ ಟೆಸ್ಟ್‌ನಿಂದ ಈಚೆಗೆ ಓಡಿದ ಅಷ್ಟೂ ಸರಕನ್ನು ತಡೆದು ಮತ್ತೆ ಪರೀಕ್ಷಿಸಬೇಕು.

ಅಂದಹಾಗೆ, ಟೆಸ್ಟ್ ಮಾಡುವವರ ಕೈಯಿಂದ ಉಂಗುರ, ವಾಚ್ ಮೊದಲೇ ಬಿಚ್ಚಿಸಿ. ಇಲ್ಲದಿದ್ದರೆ ಮೆಷಿನ್ ಉಂಗುರ ಕಂಡು ಕೂಗಿರುತ್ತದೆ, ರಿಜಿಸ್ಟರ್‌ನಲ್ಲಿ ಗುಂಡು ಪಾಸ್ ಅಂತ ಬರೆದಿರುತ್ತಾರೆ.