ತಲೆಗೆ ಪೆಟ್ಟಾದವರ ವಂಶವಾಹಿ ವರದಿಯನ್ನು ಓದುವ ಬಗೆ

ವಂಶವಾಹಿ ಪರೀಕ್ಷೆಯ ವರದಿಯನ್ನು ತೆರೆಯುವ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಿನದ ದಾಖಲೆಯನ್ನು ಎದುರಿಗೆ ಇಟ್ಟುಕೊಳ್ಳಿ. ಪ್ರಜ್ಞೆಯ ಮಟ್ಟವನ್ನು ಅಳೆಯುವ 3ರಿಂದ 15ರವರೆಗಿನ ಗ್ಲಾಸ್ಗೋ ಕೋಮಾ ಅಂಕ, ಅದರಲ್ಲೂ ಕೈಕಾಲುಗಳ ಚಲನೆಗೆ ಸಿಕ್ಕ ಅಂಕ, ಬೆಳಕಿಗೆ ಕಣ್ಣಿನ ಪಾಪೆಗಳು ಸ್ಪಂದಿಸಿದವೇ ಎಂಬ ಟಿಪ್ಪಣಿ, ಸಿಟಿ ಸ್ಕ್ಯಾನ್‌ನಲ್ಲಿ ಕಂಡ ರಕ್ತಸ್ರಾವ, ಮೊದಲ ಗಂಟೆಗಳಲ್ಲಿ ರಕ್ತದೊತ್ತಡವೋ ಆಮ್ಲಜನಕವೋ ಕುಸಿದಿತ್ತೇ ಎಂಬ ವಿವರ, ಇವುಗಳ ಜೊತೆಗೆ ಗಾಯಾಳುವಿನ ವಯಸ್ಸು: ಚೇತರಿಕೆಯ ಬಗ್ಗೆ ಇಷ್ಟು ಸಂಗತಿಗಳು ಹೇಳುವುದನ್ನು ಇಂದಿಗೂ ಯಾವ ಒಂದು ವಂಶವಾಹಿಯೂ ಹೇಳಲಾರದು. ವರದಿಯನ್ನು ಈ ದಾಖಲೆಯ ಪಕ್ಕದಲ್ಲಿಟ್ಟು ಓದಬೇಕೇ ಹೊರತು ಅದರ ಬದಲಿಗೆ ಓದಬಾರದು.

ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ಎಪಿಒಇ ಎಂಬ ವಂಶವಾಹಿಯನ್ನು. ಪೆಟ್ಟಾದ ಮಿದುಳಿನಲ್ಲಿ ಮುರಿದುಬಿದ್ದ ಕೋಶಪೊರೆಗಳ ಕೊಲೆಸ್ಟರಾಲನ್ನು ಹೊತ್ತೊಯ್ದು, ಹೊಸ ಪೊರೆ ಕಟ್ಟಿಕೊಳ್ಳುತ್ತಿರುವ ನರಕೋಶಗಳಿಗೆ ತಲುಪಿಸುವ ಪ್ರೋಟೀನು ಇದರಿಂದ ತಯಾರಾಗುತ್ತದೆ. ಇದಕ್ಕೆ ಇ2, ಇ3, ಇ4 ಎಂಬ ಮೂರು ಸಾಮಾನ್ಯ ರೂಪಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವುದರಿಂದ ಫಲಿತಾಂಶ ‘ಇ3/ಇ4’ ಎಂಬಂತೆ ಜೋಡಿಯಾಗಿರುತ್ತದೆ. ಕೆಲವು ವರದಿಗಳು ಜೋಡಿಯನ್ನು ಬರೆಯದೆ ಡಿಎನ್‌ಎಯ ಎರಡು ಸ್ಥಾನಗಳ ಅಕ್ಷರಗಳನ್ನು ಮಾತ್ರ ಕೊಡುತ್ತವೆ. ಆರ್‌ಎಸ್429358 ಎಂಬ ಸ್ಥಾನದಲ್ಲಿ ‘ಸಿ/ಟಿ’, ಆರ್‌ಎಸ್7412ರಲ್ಲಿ ‘ಸಿ/ಸಿ’ ಎಂದಿದ್ದರೆ ಅದು ಇ3/ಇ4. ಮೊದಲನೆಯದು ‘ಟಿ/ಟಿ’ ಆಗಿ ಎರಡನೆಯದು ‘ಸಿ/ಸಿ’ ಆಗಿದ್ದರೆ ಇ3/ಇ3. ಎರಡೂ ಸ್ಥಾನಗಳಲ್ಲಿ ‘ಸಿ/ಸಿ’ ಇದ್ದರೆ ಇ4/ಇ4. ಸಿ ಮತ್ತು ಟಿ ಇರಬೇಕಾದಲ್ಲಿ ಜಿ ಮತ್ತು ಎ ಕಂಡರೆ ಗಾಬರಿಯಾಗಬೇಕಿಲ್ಲ, ಪ್ರಯೋಗಾಲಯ ಡಿಎನ್‌ಎಯ ಎದುರು ಎಳೆಯನ್ನು ಓದಿರುತ್ತದೆ. ಜಿಯನ್ನು ಸಿ ಎಂದೂ ಎಯನ್ನು ಟಿ ಎಂದೂ ತಿಳಿದುಕೊಳ್ಳಿ.

ಇ4 ಕಂಡಾಕ್ಷಣ ಮನೆಯವರು ಕಂಗಾಲಾಗುವುದಕ್ಕೆ ಕಾರಣವಿದೆ. 1997ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಅಧ್ಯಯನದಲ್ಲಿ ಇ4 ಹೊಂದಿದ್ದ 30 ಗಾಯಾಳುಗಳ ಪೈಕಿ 17 ಮಂದಿ, ಅಂದರೆ ಶೇ. 57ರಷ್ಟು ಜನ, ಆರು ತಿಂಗಳ ನಂತರ ತೀರಿಹೋಗಿದ್ದರು ಅಥವಾ ತೀವ್ರ ವೈಕಲ್ಯದಲ್ಲಿದ್ದರು. ಇ4 ಇಲ್ಲದ 59 ಮಂದಿಯಲ್ಲಿ ಆ ಪ್ರಮಾಣ ಶೇ. 27 ಮಾತ್ರ. ಈ ಅಂಕಿಯನ್ನು ಓದಿ ನಿಲ್ಲಿಸಿದವರು ಅರ್ಧ ಮಾತ್ರ ಓದಿದಂತೆ. ಅದೇ ನಗರದ ಸಂಶೋಧಕರು 2005ರಲ್ಲಿ 984 ಗಾಯಾಳುಗಳ ಫಲಿತಾಂಶ ಪ್ರಕಟಿಸಿದಾಗ ಅಂತರ ಇಳಿದು ಇ4 ಇದ್ದವರಲ್ಲಿ ಶೇ. 36, ಇಲ್ಲದವರಲ್ಲಿ ಶೇ. 33 ಆಗಿತ್ತು, ಒಟ್ಟಾರೆಯಾಗಿ ಇ4ರ ಪ್ರಭಾವ ಸ್ಪಷ್ಟವಾಗಲಿಲ್ಲ. ಮಕ್ಕಳು ಮತ್ತು ಕಿರಿಯ ವಯಸ್ಸಿನವರಲ್ಲಿ ಮಾತ್ರ ಅದರ ಸುಳಿವು ಉಳಿದುಕೊಂಡಿತು. ಆಮೇಲೆ 5,000ಕ್ಕೂ ಹೆಚ್ಚು ಗಾಯಾಳುಗಳ ಇಡೀ ಜೀನೋಮನ್ನು ಜಾಲಾಡಿದ ಅಧ್ಯಯನವೂ ಚೇತರಿಕೆಯನ್ನು ನಿರ್ಧರಿಸುವ ಒಂಟಿ ವಂಶವಾಹಿಯನ್ನು ಕಾಣಲಿಲ್ಲ. ಆದರೆ ಎಲ್ಲ ವಂಶವಾಹಿಗಳ ಒಟ್ಟು ಪಾಲು ಫಲಿತಾಂಶದ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗದಷ್ಟಿರಬಹುದು ಎಂದು ಅದು ಅಂದಾಜು ಮಾಡಿತು. ಅನೇಕ ಸಣ್ಣ ಪ್ರಭಾವಗಳು ಸೇರಿ ಆದ ಪಾಲು ಅದು. ಇ4 ಎಂಬ ಒಂದು ಸಾಲನ್ನು ನೋಡಿ ಯಾರ ಫಿಸಿಯೋಥೆರಪಿಯನ್ನೂ ಕಡಿಮೆ ಮಾಡಬೇಡಿ.

ವರದಿಯಲ್ಲಿ ಬಿಡಿಎನ್‌ಎಫ್ ಮತ್ತು ಸಿಒಎಂಟಿ ಎಂಬ ವಂಶವಾಹಿಗಳ ಹೆಸರುಗಳೂ ಇರಬಹುದು. ಮೊದಲನೆಯದು ನರಕೋಶಗಳ ಹೊಸ ಸಂಪರ್ಕಗಳಿಗೆ, ಎರಡನೆಯದು ಮಿದುಳಿನ ಮುಂಭಾಗದ ಡೋಪಮಿನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ್ದು. ಒಂದು ಅಧ್ಯಯನದಲ್ಲಿ ಅನುಕೂಲಕರವೆನಿಸಿದ ರೂಪ ಮತ್ತೊಂದರಲ್ಲಿ ಹಾಗೆ ಕಾಣದಿರುವುದರಿಂದ ಈ ಸಾಲುಗಳ ಮೇಲೆ ಯಾವ ನಿರ್ಧಾರವನ್ನೂ ನಿಲ್ಲಿಸಬೇಡಿ.

ನಿಜಕ್ಕೂ ಚಿಕಿತ್ಸೆಯನ್ನು ಬದಲಿಸುವ ಸಾಲುಗಳು ಸಾಮಾನ್ಯವಾಗಿ ವರದಿಯ ಔಷಧಿಗಳ ಭಾಗದಲ್ಲಿರುತ್ತವೆ, ಜನ ಅದನ್ನು ಓದದೆ ಬಿಡುವುದು ನನಗೆ ಬಹಳ ಬೇಸರದ ಸಂಗತಿ. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ತಡೆಯಲು ಫೆನಿಟಾಯ್ನ್ ಕೊಡುವುದುಂಟು. ಸಿವೈಪಿ2ಸಿ9 ವಂಶವಾಹಿಯ ಕೆಲವು ರೂಪಗಳಿರುವವರ ದೇಹದಿಂದ ಆ ಔಷಧಿ ನಿಧಾನವಾಗಿ ಹೊರಹೋಗಿ ರಕ್ತದಲ್ಲಿ ಶೇಖರವಾಗುತ್ತದೆ. ಆಗ ಬರುವ ಮಂಪರು, ತಡವರಿಸುವ ಮಾತು, ತೂರಾಡುವ ನಡಿಗೆಯನ್ನು ಮನೆಯವರು ಮಿದುಳಿನ ಗಾಯದ ಫಲವೆಂದೇ ಭಾವಿಸುತ್ತಾರೆ; ಚೇತರಿಸಿಕೊಳ್ಳುತ್ತಿದ್ದವರು ಹಿಂದೆ ಸರಿದಂತೆ ಕಂಡರೆ ರಕ್ತದಲ್ಲಿ ಔಷಧಿಯ ಮಟ್ಟವನ್ನು ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿ. ಎಚ್‌ಎಲ್‌ಎ-ಬಿ*15:02 ಎಂಬ ವಂಶವಾಹಿ ರೂಪ ಇದ್ದವರಿಗೆ ಫಿಟ್ಸ್‌ನ ಇನ್ನೊಂದು ಔಷಧಿಯಾದ ಕಾರ್ಬಮಜೆಪಿನ್ ಕೊಟ್ಟರೆ ಚರ್ಮ ಸುಲಿದುಹೋಗುವಂಥ ಪ್ರಾಣಾಂತಿಕ ಪ್ರತಿಕ್ರಿಯೆಯಾಗಬಹುದು, ಆದ್ದರಿಂದ ಅದನ್ನು ಔಷಧಿ ಆರಂಭಿಸುವ ಮೊದಲೇ ತಿಳಿಸಬೇಕು. ನೀವಾಗಿ ಮಾತ್ರೆ ನಿಲ್ಲಿಸುವುದು ಬೇಡ, ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮನೆತನದಲ್ಲಿ ಯಾರಿಗಾದರೂ ಅರ್ಧದೇಹ ಸೋಲುವ ಮೈಗ್ರೇನ್ ಇದ್ದರೆ ಅದನ್ನೂ ಹೇಳಿ: ಸಿಎಸಿಎನ್‌ಎ1ಎ ವಂಶವಾಹಿಯ ಅಪರೂಪದ ದೋಷವಿರುವವರಲ್ಲಿ ಸಣ್ಣ ಪೆಟ್ಟಿಗೂ ಕೆಲವು ಗಂಟೆಗಳ ನಂತರ ಮಿದುಳು ಅಪಾಯಕಾರಿಯಾಗಿ ಊದಿಕೊಳ್ಳಬಹುದು.

ಇನ್ನು ಪರೀಕ್ಷೆ ಮಾಡಿಸದವರು ಮೊದಲು ಒಂದು ವಿಷಯವನ್ನು ಯೋಚಿಸಬೇಕು. ಇ4 ಮುಂದಿನ ದಿನಗಳ ಆಲ್‌ಝೈಮರ್ ಕಾಯಿಲೆಯ ಸಾಧ್ಯತೆಯನ್ನೂ ಹೆಚ್ಚಿಸುವ ರೂಪ. ಗಾಯಾಳುವಿಗೆ ಇ4/ಇ4 ಇದೆ ಎಂದರೆ ಅವರ ಪ್ರತಿಯೊಂದು ಮಗುವಿನಲ್ಲೂ ಒಂದು ಇ4 ಇದ್ದೇ ಇರುತ್ತದೆ, ಒಡಹುಟ್ಟಿದವರಲ್ಲೂ ಇರುವ ಸಂಭವ ಹೆಚ್ಚು. ಒಬ್ಬರ ರಕ್ತದ ಮಾದರಿಯಿಂದ ಕೇಳದವರ ಗುಟ್ಟೂ ಹೊರಬರುತ್ತದೆ. ಪ್ರಜ್ಞೆಯಿಲ್ಲದೆ ಮಲಗಿರುವವರು ಇದಕ್ಕೆ ಒಪ್ಪಿಗೆ ಕೊಡಲಾರರು. ಔಷಧಿಗೆ ಸಂಬಂಧಿಸಿದ ಪರೀಕ್ಷೆಯನ್ನು ಅಗತ್ಯವಿದ್ದಾಗ ಮಾಡಿಸಿ, ಎಪಿಒಇಯನ್ನು ಬಿಟ್ಟುಬಿಡಿ ಎಂದು ಪ್ರಯೋಗಾಲಯಕ್ಕೆ ಬರವಣಿಗೆಯಲ್ಲಿ ತಿಳಿಸಿ. ಫಲಿತಾಂಶ ಈಗಾಗಲೇ ಕೈಸೇರಿದ್ದರೆ ಆ ಪುಟವನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಡಿ. ಗಾಯಾಳು ತಮ್ಮ ವಿಷಯವನ್ನು ತಾವೇ ತೀರ್ಮಾನಿಸುವಷ್ಟು ಚೇತರಿಸಿಕೊಂಡಾಗ, ಆನುವಂಶಿಕ ಸಲಹೆಗಾರರ ಸಮ್ಮುಖದಲ್ಲಿ ಅದನ್ನು ತೆರೆಯಬೇಕೇ ಬೇಡವೇ ಎಂದು ಅವರನ್ನೇ ಕೇಳಿ.