ಮರಕ್ಕೆ ರಾಡು ಹಾಕುವಾಗ ಡ್ರಿಲ್‌ಗಿಂತ ಬಿಟ್ ಮುಖ್ಯ

ಕವಲೊಡೆದ ಮರ ಸೀಳದಂತೆ ತಡೆಯಲು ನಾನು ಎರಡು ಕೆಲಸ ಮಾಡುತ್ತೇನೆ. ಕವಲಿನಿಂದ ತುದಿಯವರೆಗಿನ ಎತ್ತರದಲ್ಲಿ ಸುಮಾರು ಮೂರನೇ ಎರಡರಷ್ಟು ಮೇಲೆ, ಎರಡು ಕಾಂಡಗಳ ನಡುವೆ ಉಕ್ಕಿನ ಕೇಬಲ್ ಕಟ್ಟುತ್ತೇನೆ. ಕೆಳಗೆ ಕವಲಿನ ಹತ್ತಿರ ಎರಡೂ ಕಾಂಡಗಳನ್ನು ಹಾದುಹೋಗುವ ರಾಡು ಹಾಕುತ್ತೇನೆ. ಎರಡಕ್ಕೂ ತೂತು ಕೊರೆಯಲೇಬೇಕು. ಕೇಬಲ್ ಎಷ್ಟು ದಪ್ಪ, ರಾಡು ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಯಾವುದರಲ್ಲಿ ಕೊರೆದಿರಿ ಎಂದು ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಕೆಲಸ ಕೈಕೊಡುವುದು ಅಲ್ಲೇ.

ಬಿಟ್ ಅಂದರೆ ಡ್ರಿಲ್‌ಗೆ ಸಿಕ್ಕಿಸುವ, ಮರ ಕೊರೆಯುವ ಭಾಗ. ನಾನು ಬಳಸುವ ಬಿಟ್ ಶಿಪ್ ಆಗರ್, ಅಂದರೆ ಹಡಗಿನ ದಪ್ಪ ಮರ ಕೊರೆಯಲು ಬಳಸುತ್ತಿದ್ದ ಜಾತಿಯ ಉದ್ದದ ಬೈರಿಗೆ. ಇದರ ತುದಿಯಲ್ಲಿ ಮರವನ್ನು ಕಚ್ಚಿ ಎಳೆಯುವ ತಿರುಪು ಇರುತ್ತದೆ. ಮಾಮೂಲಿ ಆಗರ್‌ನಲ್ಲಿ ಇರುವಂತೆ ಅಂಚಿನಲ್ಲಿ ಚೂಪು ಮೊನೆ ಇರುವುದಿಲ್ಲ. ಹಾಗಾಗಿ ಆಳಕ್ಕೆ ಹೋದರೂ ದಾರಿ ತಪ್ಪುವುದು ಕಡಿಮೆ. ಉದ್ದ ಮಾತ್ರ ಸರಿಯಾಗಿ ನೋಡಿಕೊಳ್ಳಬೇಕು. ಕೊರೆಯುವ ದಪ್ಪಕ್ಕಿಂತ ಒಂದು ಗೇಣಾದರೂ ಜಾಸ್ತಿ ಇರಲಿ. ಬಿಟ್‌ನ ಸುರುಳಿ ಪೂರ್ತಿ ತೂತಿನೊಳಗೆ ಹೋಯಿತೆಂದರೆ ಹೊಟ್ಟು ಹೊರಬರಲು ದಾರಿ ಇರುವುದಿಲ್ಲ. ಹಸಿ ಮರದ ಹೊಟ್ಟು ಒದ್ದೆ, ಒಳಗೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬಿಟ್ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ.

ಅದಕ್ಕೇ ಸ್ವಲ್ಪ ಸ್ವಲ್ಪ ಕೊರೆದು ಬಿಟ್ ಹೊರಗೆ ತೆಗೆಯುತ್ತೇನೆ. ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಒಂದೆರಡು ಸುತ್ತು ಹಿಂದಕ್ಕೆ ತಿರುಗಿಸಿ ತುದಿಯ ತಿರುಪನ್ನು ಬಿಡಿಸಬೇಕು. ಆಮೇಲೆ ಮತ್ತೆ ಮುಂದಕ್ಕೇ ತಿರುಗಿಸುತ್ತಾ ಹೊರಗೆಳೆಯಬೇಕು. ಆಗ ಹೊಟ್ಟು ಬಿಟ್ ಜೊತೆಗೇ ಬರುತ್ತದೆ. ಪೂರ್ತಿ ಹಿಂದಕ್ಕೆ ತಿರುಗಿಸುತ್ತಲೇ ಎಳೆದರೆ ಅಷ್ಟೂ ಹೊಟ್ಟು ಒಳಗೇ ಉಳಿಯುತ್ತದೆ.

ಡ್ರಿಲ್ ವಿಷಯ ಬೇಗ ಮುಗಿಯುತ್ತದೆ. ವೇಗ ಬೇಡ, ಬಲ ಬೇಕು. ಬಿಟ್ ಕಚ್ಚಿ ಹಿಡಿಯುವ 13 ಮಿಮೀ ಚಕ್, ಕಡಿಮೆ ಗೇರ್, ಪಕ್ಕದ ಹಿಡಿಕೆ, ಇಷ್ಟು ಇರಲೇಬೇಕು. ಬಿಟ್ ಸಿಕ್ಕಿಕೊಂಡಾಗ ಡ್ರಿಲ್ಲೇ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯಬಹುದು. ನಾನು ಆ ಹಿಡಿಕೆಯನ್ನು ಆದಷ್ಟು ಕಾಂಡಕ್ಕೇ ಆನಿಸಿಕೊಳ್ಳುತ್ತೇನೆ. ಏಟು ಬಿದ್ದರೆ ಮರಕ್ಕೆ ಬೀಳಲಿ, ಕೈಗೆ ಬೇಡ. ಇಕ್ಕಟ್ಟಾದ ಕವಲಿನಲ್ಲಿ ಲಂಬಕೋನದ ಡ್ರಿಲ್ ಚೆನ್ನಾಗಿ ಒದಗುತ್ತದೆ. ಡ್ರಿಲ್ಲನ್ನು ನನ್ನ ಬೆಲ್ಟಿಗೆ ಕಟ್ಟಿಕೊಳ್ಳುವುದಿಲ್ಲ. ಮೇಲಿನ ಕೊಂಬೆಯಿಂದ ಬರುವ ಬೇರೆಯದೇ ಹಗ್ಗಕ್ಕೆ ಅದನ್ನು ಕಟ್ಟಿರುತ್ತೇನೆ.

ಇನ್ನು ನೇರ ಹಿಡಿಯುವುದು. ಕೇಬಲ್ ಕೆಲಸವಾದರೆ ಮೊದಲೇ ಎರಡು ಕಾಂಡಗಳ ನಡುವೆ ದಾರ ಬಿಗಿದು, ಆ ದಾರದ ಸಾಲಿನಲ್ಲೇ ಬಿಟ್ ಹಿಡಿಯುತ್ತೇನೆ. ಕೇಬಲ್ ಸಿಕ್ಕಿಸುವ ಬೋಲ್ಟ್ ಮತ್ತು ಕೇಬಲ್ ಒಂದೇ ಗೆರೆಯಲ್ಲಿ ಇರದಿದ್ದರೆ ಬೋಲ್ಟ್ ಬಾಗುತ್ತದೆ. ಎಡ ಬಲ ನನಗೆ ಕಾಣುತ್ತದೆ. ಮೇಲೆ ಕೆಳಗೆ ವಾಲುವುದು ಮಾತ್ರ ಪಕ್ಕದಿಂದ ನೋಡುವವರಿಗೇ ಗೊತ್ತಾಗುವುದು. ಹಾಗಾಗಿ ಕೆಳಗೆ ಒಬ್ಬರು ನಿಂತು ಹೇಳುತ್ತಿರಬೇಕು. ಬಿಟ್ ಒಂದು ಬೆರಳಷ್ಟು ಆಳ ಹೋದ ಮೇಲೆ ತಿದ್ದಲು ಹೋದರೆ ತೂತು ಅಗಲವಾಗುತ್ತದೆ, ಅಷ್ಟೇ. ರಾಡು ಹಾಕುವಾಗ ಬಿಟ್ ಮೊದಲ ಕಾಂಡ ದಾಟಿ ಎರಡನೆಯದಕ್ಕೆ ತಗಲುವ ಜಾಗದಲ್ಲಿ ತೊಗಟೆ ಇಳಿಜಾರಾಗಿರುತ್ತದೆ, ತುದಿ ಜಾರುತ್ತದೆ. ಅಲ್ಲಿ ಉಳಿ ಹಾಕಿ ಸ್ವಲ್ಪ ಸಮ ಮಾಡಿಕೊಳ್ಳುವುದು ನನ್ನ ರೂಢಿ.

ಕೊರೆಯುವಾಗ ನನ್ನ ಕಣ್ಣು ಪೂರ್ತಿ ಹೊಟ್ಟಿನ ಮೇಲೆ. ಗಟ್ಟಿ ಮರದಿಂದ ತಿಳಿ ಬಣ್ಣದ ಸುರುಳಿಗಳು ಬರುತ್ತವೆ, ಹಸಿ ವಾಸನೆ ಇರುತ್ತದೆ. ಇದ್ದಕ್ಕಿದ್ದಂತೆ ಬಣ್ಣ ಕಪ್ಪಾಗಿ, ಸುರುಳಿ ಹೋಗಿ ಪುಡಿ ಬರತೊಡಗಿ, ಡ್ರಿಲ್ ಹಗುರವಾದರೆ ಒಳಗೆ ಮರ ಕುಂಬಾಗಿದೆ ಎಂದರ್ಥ. ಅಲ್ಲೇ ನಿಲ್ಲಿಸಿ, ಗಟ್ಟಿ ಭಾಗ ಎಷ್ಟಿತ್ತು ಎಂದು ಬಿಟ್ ಮೇಲೆ ಗುರುತು ಮಾಡಿ ಅಳೆಯುತ್ತೇನೆ. ಅಂಥ ಕಡೆ ಬರೀ ತಿರುಪಿ ಕೂರಿಸುವ ಕೊಕ್ಕೆ ಹಾಕುವ ಮಾತೇ ಇಲ್ಲ, ಅದು ಕಿತ್ತು ಬರುತ್ತದೆ. ಗಟ್ಟಿ ಭಾಗ ಸಾಕಷ್ಟು ಉಳಿದಿದ್ದರೆ ಮಾತ್ರ ಆಚೆಗೆ ತೂರಿಸಿ ನಟ್ ಹಾಕುವ ರಾಡು. ಇಲ್ಲವಾದರೆ ಕೊಂಬೆಯ ಭಾರ ಇಳಿಸುವ ಬಗ್ಗೆ, ಮರವನ್ನೇ ತೆಗೆಯುವ ಬಗ್ಗೆ ಮಾತಾಡಬೇಕಾಗುತ್ತದೆ.

ತೂತಿನ ಅಳತೆ ರಾಡಿನ ಜಾತಿಯ ಮೇಲೆ ಹೋಗುತ್ತದೆ. ಆಚೆ ಈಚೆ ನಟ್ ಹಾಕುವ 16 ಮಿಮೀ ರಾಡಿಗೆ ನಾನು 18 ಮಿಮೀ ಬಿಟ್ ಹಿಡಿಯುತ್ತೇನೆ. ಮರದೊಳಗೇ ಕಚ್ಚಿಕೊಳ್ಳಬೇಕಾದ ತಿರುಪಿನ ರಾಡಾದರೆ 14. ದೊಡ್ಡ ತೂತಿನಿಂದ ಕೆಲಸ ಸುಲಭ ಅನ್ನಿಸಬಹುದು, ಆದರೆ ಅದರ ಬೆಲೆ ಮರ ತೆರುತ್ತದೆ ಅಲ್ವಾ? ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ ಎಂದು ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೊ ಮರಗಳನ್ನು ಸೀಳಿ ನೋಡಿ ತೋರಿಸಿದ್ದರು. ಪ್ರತಿ ತೂತೂ ಅಂಥ ಒಂದು ಗಾಯವೇ. ಅದಕ್ಕೆ ಎರಡು ರಾಡು ಬೇಕಾದಾಗ ಒಂದರ ನೇರ ಕೆಳಗೆ ಇನ್ನೊಂದನ್ನು ಹಾಕುವುದಿಲ್ಲ, ಒಂದೇ ನಾರಿನ ಸಾಲು ಎರಡು ಕಡೆ ಕಡಿದುಹೋಗುತ್ತದೆ. ಇನ್ನೂ ಬಿರುಕು ಬಿಡದ ಕವಲಿಗೆ, ಮರವನ್ನು ಕೊರೆಯದೆ ಸುತ್ತ ಹಾಕುವ ಸಿಂಥೆಟಿಕ್ ಹಗ್ಗ ಸಾಕಾದರೆ ಅದನ್ನೇ ಆರಿಸುತ್ತೇನೆ.

ಮೊಂಡು ಬಿಟ್ ಮರವನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಹಾಗಾಗಿ ಪ್ರತಿ ಕೆಲಸಕ್ಕೂ ಮುಂಚೆ ಸಣ್ಣ ಅರದಿಂದ ಕೊಯ್ಯುವ ಅಂಚನ್ನು ಒಳಗಿನಿಂದ ಉಜ್ಜುತ್ತೇನೆ. ಹೊರಗಿನ ಸುತ್ತನ್ನು ಮಾತ್ರ ಎಂದಿಗೂ ಉಜ್ಜಬಾರದು, ಬಿಟ್‌ನ ಅಳತೆಯೇ ಕಡಿಮೆಯಾಗುತ್ತದೆ. ತುದಿಯ ತಿರುಪಿನಲ್ಲಿ ಅಂಟು ಕೂತಿದ್ದರೆ ಅದು ಮರ ಕಚ್ಚುವುದಿಲ್ಲ, ನಾವು ಸುಮ್ನೆ ಮೈಭಾರ ಹಾಕಿ ದೂಡುತ್ತಿರುತ್ತೇವೆ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ತಿಕ್ಕಿದರೆ ಅಂಟು ಹೋಗುತ್ತದೆ.