ಕಲಾಂ ಅವರ ಮನೆ ನೋಡಲು ನಮ್ಮ ಓಣಿಯ ಮಕ್ಕಳನ್ನು ತಯಾರು ಮಾಡಿದ್ದು ಹೀಗೆ

ರಾಮೇಶ್ವರದಲ್ಲಿರುವ ಅಬ್ದುಲ್ ಕಲಾಂ ಅವರ ಮನೆಯನ್ನು ಮಕ್ಕಳಿಗೆ ತೋರಿಸಬೇಕು ಅಂದರೆ ಕೆಲಸ ಹುಬ್ಬಳ್ಳಿಯಲ್ಲೇ ಶುರುವಾಗಬೇಕು. ಅಲ್ಲಿ ಕಾಣುವುದು ಫೋಟೊ, ಪ್ರಶಸ್ತಿ, ಪ್ರಮಾಣಪತ್ರ. ಹತ್ತು ವರ್ಷದ ಹುಡುಗನಿಗೆ ಅದರಲ್ಲಿ ಏನಿದೆ ಹೇಳಿ? ಹಿಂದಿನವರು ತಳ್ಳುತ್ತಾರೆ, ಮುಂದಿನವರು ಸರಿಯುವುದಿಲ್ಲ, ನೋಡನೋಡುತ್ತ ಮೆಟ್ಟಿಲಿಳಿದು ಬೀದಿಗೆ ಬಂದಿರುತ್ತೇವೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಹೋದ ಮಗು ಮಾತ್ರ ಅಲ್ಲಿ ನಿಂತು ನೋಡುತ್ತದೆ.

ನಾನು ಕನ್ನಡ ಶಾಲೆಯಲ್ಲಿ ಐದು ಮತ್ತು ಆರನೇ ತರಗತಿಗೆ ಪಾಠ ಮಾಡುತ್ತೇನೆ. ಆದರೆ ಇದು ಶಾಲೆಯ ಪ್ರವಾಸವಲ್ಲ. ನಮ್ಮ ಓಣಿಯ ಕೆಲವು ಮನೆಯವರು ದಸರಾ ರಜೆಗೆ ರಾಮೇಶ್ವರ ಯಾತ್ರೆ ಹೊರಟರು. ದೊಡ್ಡವರಿಗೆ ರಾಮನಾಥಸ್ವಾಮಿ ದರ್ಶನ, ಗುಡಿಯೊಳಗಿನ 22 ತೀರ್ಥಗಳ ಸ್ನಾನ. ಮಕ್ಕಳಿಗೆ? "ಅಕ್ಕಾರ, ಹುಡುಗೂರನ್ನ ನೀವ ಸಂಭಾಳಸ್ರಿ" ಅಂತ ನನ್ನ ತಲೆಗೆ ಕಟ್ಟಿದರು. ಕಲಾಂ ಮನೆ ಅಲ್ಲೇ ಇದೆಯಲ್ಲ, ಅದನ್ನೇ ಹಿಡಿದುಕೊಂಡೆ. ಹೊರಡುವ ಮೊದಲಿನ ಕೆಲವು ವಾರ ಸಂಜೆ ಹೊತ್ತು ಓಣಿಯ ಕಟ್ಟೆಯ ಮೇಲೆ ಸೇರಿದೆವು. ಯಾತ್ರೆಗೆ ಬರದ ಮನೆಗಳ ಮಕ್ಕಳೂ ಬಂದು ಕೂತರು. ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ಮೊದಲ ಕೆಲಸ ಹುಣಸಿ ಬೀಜ ಆರಿಸುವುದು.

ಕಲಾಂ ಹುಟ್ಟಿದ್ದು 1931ರ ಅಕ್ಟೋಬರ್ 15ರಂದು. ಎರಡನೇ ಮಹಾಯುದ್ಧ 1939ರಲ್ಲಿ ಶುರುವಾದಾಗ ಅವರಿಗೆ ಎಂಟು ವರ್ಷ ತುಂಬುತ್ತ ಬಂದಿತ್ತು. ಆಗ ಇದ್ದಕ್ಕಿದ್ದಂತೆ ಹುಣಸಿ ಬೀಜಕ್ಕೆ ಬೇಡಿಕೆ ಬಂತು. ಹುಡುಗ ಕಲಾಂ ಬೀಜ ಕೂಡಿಸಿ ಮಸೀದಿ ಬೀದಿಯ ಕಿರಾಣಿ ಅಂಗಡಿಗೆ ಮಾರುತ್ತಿದ್ದ. ಒಂದು ದಿನ ಕೂಡಿಸಿದ ಬೀಜಕ್ಕೆ ಒಂದು ಆಣೆ ಸಿಗುತ್ತಿತ್ತು. ಇಷ್ಟನ್ನು ಹೇಳಿ, "ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಎಷ್ಟು ಸಿಗುತ್ತೆ, ತನ್ನಿ" ಅಂದೆ. ಮರುದಿನ ಕೆಲವರು ಬೊಗಸೆ ತುಂಬ ತಂದರು, ಕೆಲವರು ನಾಲ್ಕೇ ನಾಲ್ಕು. ಒಬ್ಬಳು ಚೌಕಾಬಾರ ಆಡಲು ಅಜ್ಜಿ ಒಡೆದಿಟ್ಟಿದ್ದ ಅರ್ಧ ಬೀಜಗಳನ್ನೇ ಎತ್ತಿಕೊಂಡು ಬಂದು ಮನೆಯಲ್ಲಿ ಬೈಸಿಕೊಂಡಳು. ಎಲ್ಲ ಕೂಡಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು.

ಆಮೇಲೆ ಆಣೆ ಲೆಕ್ಕ. ರೂಪಾಯಿಗೆ 16 ಆಣೆ. ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಅಂದದ್ದೇ ತಡ, ಎಂಟಾಣೆಗೆ ಏನೇನು ಬರುತ್ತಿತ್ತು ಅನ್ನುವ ಪುರಾಣವೇ ಬಂತು. ಅದರಲ್ಲಿ ಅರ್ಧ ಉತ್ಪ್ರೇಕ್ಷೆ ಇರಬಹುದು, ಇರಲಿ ಬಿಡಿ. ಮಕ್ಕಳಿಗೆ ಆಣೆ ಅನ್ನುವುದು ಪುಸ್ತಕದಿಂದ ಎದ್ದು ಅಜ್ಜಿಯ ಬಾಯಿಗೆ ಬಂತು.

ಒಂದು ಪ್ರಶ್ನೆ ಉಳಿಯಿತು. ಯುದ್ಧಕ್ಕೂ ಹುಣಸಿ ಬೀಜಕ್ಕೂ ಏನು ಸಂಬಂಧ? ಕಲಾಂ ತಮಗೂ ಅದು ತಿಳಿಯಲಿಲ್ಲ ಅಂತಲೇ ಬರೆದುಕೊಂಡಿದ್ದಾರೆ. ಬೆಟಗೇರಿ ಕಡೆಯ ತಾಯಿಯೊಬ್ಬರು, "ನೂಲಿಗೆ ಗಂಜಿ ಹಾಕ್ತಾರಲ್ರೀ, ಅದಕ್ಕ ಹುಣಸಿ ಬೀಜದ ಹಿಟ್ಟೂ ಆಗತೈತಿ" ಅಂದರು. ನಿಜ. ಬಟ್ಟೆ ಗಿರಣಿಗಳಲ್ಲಿ ಆ ಹಿಟ್ಟನ್ನು ಗಂಜಿಗೆ ಬಳಸುತ್ತಾರೆ. ಯುದ್ಧದಲ್ಲಿ ಬಟ್ಟೆ ಜಾಸ್ತಿ ಬೇಕಾಗಿರಬಹುದು ಅಂತ ಮಕ್ಕಳು ವಹಿಯಲ್ಲಿ ಬರೆದುಕೊಂಡರು. "ಇರಬಹುದು" ಅನ್ನುವ ಮಾತಿನ ಕೆಳಗೆ ಎರಡು ಗೆರೆ ಎಳೆಸಿದೆ. ಊಹೆಯನ್ನು ಊಹೆ ಅಂತಲೇ ಬರೆಯುವುದು ಈ ವಯಸ್ಸಿನಲ್ಲೇ ರೂಢಿಯಾಗಬೇಕು.

ಎರಡನೆಯದು ಪೇಪರ್ ಕಟ್ಟು. ಇದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು.

ಯುದ್ಧದ ಕಾಲದಲ್ಲಿ ರೈಲು ರಾಮೇಶ್ವರ ಸ್ಟೇಷನ್ನಿನಲ್ಲಿ ನಿಲ್ಲುವುದು ಬಂದಾಯಿತು. ಪತ್ರಿಕೆಯ ಕಟ್ಟುಗಳನ್ನು ರಾಮೇಶ್ವರ ಮತ್ತು ಧನುಷ್ಕೋಡಿ ನಡುವೆ ಓಡುವ ರೈಲಿನಿಂದಲೇ ಕೆಳಗೆ ಎಸೆಯುತ್ತಿದ್ದರು. ಕಲಾಂ ಅವರ ಬಂಧು ಸಂಶುದ್ದೀನ್ ಊರಿಗೆ ಪತ್ರಿಕೆ ಹಂಚುವ ಕೆಲಸ ಮಾಡುತ್ತಿದ್ದರು. ಕಟ್ಟು ಹಿಡಿಯಲು ಅವರಿಗೊಬ್ಬ ಜೊತೆಗಾರ ಬೇಕಾಯಿತು. ಕಲಾಂ ಅವರ ಮೊದಲ ಸಂಬಳ ಅದೇ.

ಹಾಗಾದರೆ ಕಟ್ಟು ಹಿಡಿಯುವ ಹುಡುಗ ಎಲ್ಲಿ ನಿಲ್ಲಬೇಕು? ಮೈದಾನದಲ್ಲಿ ಸುಣ್ಣದಿಂದ ಒಂದು ಗೆರೆ ಹಾಕಿದೆವು. ಹಳೆ ಪೇಪರನ್ನು ಸುತ್ತಿ ಹುರಿಯಿಂದ ಬಿಗಿದೆವು. ಒಬ್ಬರು ಸೈಕಲ್ ಮೇಲೆ ಬಂದು ಗೆರೆ ದಾಟುವಾಗ ಕಟ್ಟನ್ನು ಸುಮ್ನೆ ಕೈ ಬಿಡಬೇಕು. ಎಸೆಯುವ ಹಾಗಿಲ್ಲ. ಎಲ್ಲಿ ಬೀಳುತ್ತದೆ ಅಂತ ಮೊದಲೇ ಕೇಳಿದೆ. ಗೆರೆಯ ಮೇಲೆ ಅಂತ ಕೆಲವರು. ಹಿಂದಕ್ಕೆ ಅಂತ ಬಹಳ ಮಂದಿ, ಏಕೆಂದರೆ ಸೈಕಲ್ ಮುಂದೆ ಹೋಗುತ್ತದಲ್ಲ!

"ಅಕ್ಕಾರ, ಮುಂದ ಹೋಗಿ ಬೀಳಾಕತ್ತೈತ್ರೀ!"

ಮತ್ತೆ ಮತ್ತೆ ಮಾಡಿದರು. ಜೋರಾಗಿ ತುಳಿದರೆ ಇನ್ನೂ ಮುಂದೆ. ಕಾರಣವನ್ನು ನಾನು ಸಣ್ಣದಾಗಿ ಹೇಳಿದೆ. ಕೈಯಲ್ಲಿದ್ದಾಗ ಕಟ್ಟಿಗೂ ಸೈಕಲ್ಲಿನ ವೇಗವೇ ಇರುತ್ತದೆ, ಕೈ ಬಿಟ್ಟ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ. ಒಂದು ಮೀಟರ್ ಎತ್ತರದಿಂದ ಬಿಟ್ಟ ವಸ್ತು ನೆಲ ಮುಟ್ಟಲು ಅರ್ಧ ಸೆಕೆಂಡೂ ಬೇಡ. ಗಂಟೆಗೆ 10 ಕಿ.ಮೀ. ವೇಗದ ಸೈಕಲ್ ಅಷ್ಟರಲ್ಲಿ ಒಂದೂಕಾಲು ಮೀಟರ್ ಹೋಗಿರುತ್ತದೆ. ಅದೇ ಗಂಟೆಗೆ 30 ಕಿ.ಮೀ. ಓಡುವ ರೈಲಿನಿಂದ ಎರಡು ಮೀಟರ್ ಎತ್ತರದಲ್ಲಿ ಕೈ ಬಿಟ್ಟರೆ ಕಟ್ಟು ಐದು ಮೀಟರಿಗೂ ಮುಂದೆ ಬೀಳುತ್ತದೆ, ಆಮೇಲೆ ಉರುಳುವುದು ಬೇರೆ. ಲೆಕ್ಕ ಆರನೇ ತರಗತಿಯವರಿಗೆ ಸಾಕು. ಸಣ್ಣವರಿಗೆ ಓಡಿ ಹಿಡಿಯುವುದೇ ಪಾಠ. ರಾಕೆಟ್ ವಿಜ್ಞಾನಿಯ ಮನೆಗೆ ಹೋಗುವ ಮೊದಲು ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ಹೊಳೆಯಲಿಲ್ಲ.

ಹಕ್ಕಿಯ ಪಾಠ ಉಣಕಲ್ ಕೆರೆಯಲ್ಲಿ ಆಯಿತು. ಕಲಾಂ ಅವರ ಮೇಷ್ಟ್ರು ಶಿವಸುಬ್ರಮಣ್ಯ ಅಯ್ಯರ್ ಹಕ್ಕಿ ಹೇಗೆ ಹಾರುತ್ತದೆ ಅಂತ ಹಲಗೆಯ ಮೇಲೆ ಚಿತ್ರ ಬರೆದು ಹೇಳಿದರಂತೆ. ಕಲಾಂಗೆ ತಿಳಿಯಲಿಲ್ಲ. ಮೇಷ್ಟ್ರು ಇಡೀ ತರಗತಿಯನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ ಹಾರುವ ಹಕ್ಕಿಗಳನ್ನೇ ತೋರಿಸಿದರು. ನಮಗೆ ಕಡಲಿಲ್ಲ, ಕೆರೆ ಇದೆ. ಬೆಳಿಗ್ಗೆ ಬೇಗ ಹೋಗಿ ಬೆಳ್ಳಕ್ಕಿ, ಹದ್ದುಗಳನ್ನು ನೋಡಿದೆವು. ಹೆಸರು ಬರೆದುಕೊಳ್ಳುವುದು ಬೇಡ ಅಂದಿದ್ದೆ. ಮೂರೇ ಸಂಗತಿ: ಏರುವಾಗ ರೆಕ್ಕೆ ಹೇಗಿರುತ್ತದೆ, ಇಳಿಯುವಾಗ ಕಾಲು ಎಲ್ಲಿರುತ್ತದೆ, ತಿರುಗುವಾಗ ಬಾಲ ಏನು ಮಾಡುತ್ತದೆ. ಚಿತ್ರ ಸೊಟ್ಟಗಾದರೂ ಪರವಾಗಿಲ್ಲ. ಹದ್ದು ರೆಕ್ಕೆ ಬಡಿಯದೇ ಸುತ್ತುವುದನ್ನು ನೋಡಿ ಹುಡುಗರು ಬಹಳ ಹೊತ್ತು ವಾದ ಮಾಡಿದರು.

ಇನ್ನು ಬೆಂಚಿನ ಕಥೆ. ಐದನೇ ತರಗತಿಯಲ್ಲಿ ಕಲಾಂ ಮುಂದಿನ ಸಾಲಿನಲ್ಲಿ ರಾಮನಾಥ ಶಾಸ್ತ್ರಿಯ ಪಕ್ಕ ಕೂರುತ್ತಿದ್ದರು. ಒಬ್ಬನ ತಲೆಯ ಮೇಲೆ ಟೊಪ್ಪಿಗೆ, ಇನ್ನೊಬ್ಬನ ಮೈಮೇಲೆ ಜನಿವಾರ. ಹೊಸದಾಗಿ ಬಂದ ಮೇಷ್ಟ್ರಿಗೆ ಇದು ಸಹಿಸಲಿಲ್ಲ. ಕಲಾಂ ಅವರನ್ನು ಎಬ್ಬಿಸಿ ಹಿಂದಿನ ಸಾಲಿಗೆ ಕಳಿಸಿದರು. ಗೆಳೆಯ ಅತ್ತುಬಿಟ್ಟ.

ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಮುಂದೆ ಏನಾಗಬೇಕು ಅಂತ ಚೀಟಿಯಲ್ಲಿ ಬರೆಯಿರಿ, ಹೆಸರು ಹಾಕಬೇಡಿ ಅಂದೆ. ನಮ್ಮ ಓಣಿಯಲ್ಲಿ ಎಲ್ಲ ಥರದ ಮನೆಗಳಿವೆ. ಅದಕ್ಕೇ ಹೆಸರು ಬೇಡ ಅಂದದ್ದು. ಹೆಡ್‌ಮಾಸ್ಟರಿಗೆ ಹೇಳಬೇಕು, ಶಾಲೆ ಬಿಡಬೇಕು, ಇಬ್ಬರೂ ಹಿಂದಿನ ಬೆಂಚಿಗೆ ಹೋಗಬೇಕು ಅಂತೆಲ್ಲ ಬಂತು. "ಬ್ಯಾರೆ ಕುಂದರಿಸಿದ್ರ ಏನಾತು, ಆಟಕ್ಕ ಬಿಟ್ಟಾಗ ಕೂಡತಾರಲ್ಲ" ಅಂತ ಒಂದು ಚೀಟಿ. ಅದರ ಮೇಲೆ ಬಹಳ ಚರ್ಚೆ ಆಯಿತು. ಮೇಷ್ಟ್ರ ಪರವಾಗಿ ಒಂದು ಚೀಟಿಯೂ ಬರಲಿಲ್ಲ. ಮಾಸ್ತರಿಕೆ ಮಾಡುವ ನನಗೆ ಸ್ವಲ್ಪ ಮುಜುಗರವೂ ಆಯಿತು ಅನ್ನಿ.

ಆಮೇಲೆ ನಡೆದದ್ದನ್ನು ಹೇಳಿದೆ. ರಾಮನಾಥನ ತಂದೆ ಲಕ್ಷ್ಮಣ ಶಾಸ್ತ್ರಿಗಳು ದೊಡ್ಡ ಗುಡಿಯ ಮುಖ್ಯ ಅರ್ಚಕರು. ಕಲಾಂ ಅವರ ತಂದೆ ಜೈನುಲಾಬ್ದೀನರಿಗೆ ಆಪ್ತ ಗೆಳೆಯರು. ಶಾಸ್ತ್ರಿಗಳು ಆ ಮೇಷ್ಟ್ರನ್ನು ಕರೆಸಿ, ಮಕ್ಕಳ ಮನಸ್ಸಿನಲ್ಲಿ ವಿಷ ತುಂಬಬೇಡಿ, ಕ್ಷಮೆ ಕೇಳಿ, ಇಲ್ಲವಾದರೆ ಊರು ಬಿಡಿ ಅಂದರು. ಮೇಷ್ಟ್ರು ತಿದ್ದಿಕೊಂಡರು. ಕೊನೆಗೆ ಒಂದು ಊಹೆಯ ಆಟ: ಕಲಾಂ ಅವರ ಮೂವರು ಗೆಳೆಯರು ದೊಡ್ಡವರಾಗಿ ಏನಾದರು? ರಾಮನಾಥ ಶಾಸ್ತ್ರಿ ಗುಡಿಯ ಅರ್ಚಕರಾದರು, ಅರವಿಂದನ್ ಯಾತ್ರಿಕರಿಗೆ ವಾಹನದ ವ್ಯವಸ್ಥೆ ಮಾಡುವವರಾದರು, ಶಿವಪ್ರಕಾಶನ್ ರೈಲ್ವೆಯಲ್ಲಿ ಊಟ ತಿಂಡಿಯ ಗುತ್ತಿಗೆ ಹಿಡಿದರು. ಮಕ್ಕಳು ಮೂವರನ್ನೂ ವಿಜ್ಞಾನಿ ಮಾಡಿಬಿಟ್ಟಿದ್ದರು.

ಪ್ರಯಾಣದಲ್ಲಿ ಹೆಚ್ಚು ಚಟುವಟಿಕೆ ಇಟ್ಟುಕೊಳ್ಳಲಿಲ್ಲ. ರೈಲೇ ಸಾಕಷ್ಟು ಆಟ, ಜೊತೆಗೆ ಚಪಾತಿ, ಶೇಂಗಾ ಚಟ್ನಿ, ಚೂಡಾ. ಒಂದು ಅಳತೆ ಮಾತ್ರ ಮಾಡಿಸಿದೆ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಹೊರಡುವ ಮೊದಲು ಅದರ ಮೇಲೆ ಒಂದಷ್ಟು ನಡೆಸಿದ್ದೆ. ಅದಕ್ಕೆ ಇನ್ನೂ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಸೇರಿಸಿದರೆ ಪಾಂಬನ್ ಸೇತುವೆ, ಅದೂ ಕಡಲಿನ ಮೇಲೆ. ಹಳೆಯ ಸೇತುವೆ 1914ರದು. ನಡುವಿನ ಭಾಗ ಮೇಲಕ್ಕೇಳುವ ಹೊಸದು 2025ರ ಏಪ್ರಿಲ್‌ನಲ್ಲಿ ಶುರುವಾಯಿತು. ರಾಮೇಶ್ವರದಿಂದ ಧನುಷ್ಕೋಡಿಗೆ ಮಾತ್ರ ಈಗ ರೈಲಿಲ್ಲ. 1964ರ ಡಿಸೆಂಬರ್‌ನ ಚಂಡಮಾರುತ ಹಳಿಯನ್ನೂ ಊರನ್ನೂ ಕೊಚ್ಚಿಕೊಂಡು ಹೋಯಿತು. ಪೇಪರ್ ಕಟ್ಟು ಬೀಳುತ್ತಿದ್ದ ದಾರಿ ಈಗ ಇಲ್ಲ ಅಂದಾಗ ಮಕ್ಕಳಿಗೆ ನಿಜಕ್ಕೂ ಬೇಜಾರಾಯಿತು.

ಇನ್ನು ಮನೆ. ಕಲಾಂ ಅದನ್ನು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಟ್ಟಿಗೆ ಮತ್ತು ಸುಣ್ಣದಕಲ್ಲಿನಿಂದ ಕಟ್ಟಿದ ದೊಡ್ಡ ಮನೆ ಅಂತ ಬರೆದಿದ್ದಾರೆ. ಈಗ ರೂಪ ಬದಲಾಗಿದೆ. ಮೇಲಿನ ಮಹಡಿಯಲ್ಲಿ ಸಂಗ್ರಹಾಲಯ, ಚಿಪ್ಪಿನ ಸಾಮಾನಿನ ಅಂಗಡಿಯೂ ಇದೆ. ಸಂಗ್ರಹಾಲಯಗಳಲ್ಲಿ ಮಕ್ಕಳ ಕೈಗೆ ಬಿಟ್ಟ ಸ್ಥಳ ತುಂಬುವ ಹಾಳೆ ಕೊಡುವುದು ನನಗೆ ಸೇರುವುದಿಲ್ಲ. ಮಗು ವಸ್ತುವನ್ನು ಬಿಟ್ಟು ಪಕ್ಕದವನ ಹಾಳೆ ನೋಡುತ್ತದೆ. ಒಳಗೆ ಹೋಗುವಾಗ ವಹಿ, ಪೆನ್ನು ಎರಡನ್ನೂ ಇಸಿದುಕೊಂಡೆ. ಒಂದೇ ಪ್ರಶ್ನೆ ಕೊಟ್ಟೆ: "ಈ ಮನೆಯಲ್ಲಿ ರಾಷ್ಟ್ರಪತಿ ಎಲ್ಲ ಕಡೆ ಇದ್ದಾರೆ. ಹುಡುಗ ಕಲಾಂ ಎಲ್ಲಿದ್ದಾನೆ?"

ಕೆಲವರು ತಂದೆ ತಾಯಿಯ ಫೋಟೊ ಮುಂದೆ ನಿಂತರು. ಒಬ್ಬಳು ಕಲಾಂ ಅವರ ಓದಿನ ಪ್ರಮಾಣಪತ್ರದಲ್ಲಿ ವರ್ಷ ನೋಡಿ ಆಗ ಅವರ ವಯಸ್ಸೆಷ್ಟು ಅಂತ ಬೆರಳು ಮಡಿಸಿ ಲೆಕ್ಕ ಹಾಕಿದಳು. ಜೋರು ಹುಡುಗನೊಬ್ಬ ಕೆಳಗಿಳಿದು ಬಂದು, "ಒಳಗ ಇಲ್ಲರೀ, ಹೊರಗ ಅದಾನ" ಅಂದ. ಬೀದಿಯಲ್ಲಿ ಅಂತ ಅವನ ಅರ್ಥ. ಅವನ ಮಾತು ಹಿಡಿದು ಅಲ್ಲಿಂದ ಗುಡಿಗೆ ನಡೆದೆವು. ಮನೆಯಿಂದ ಗುಡಿಗೆ ಹತ್ತು ನಿಮಿಷದ ದಾರಿ ಅಂತ ಕಲಾಂ ಬರೆದಿದ್ದಾರೆ. ಒಬ್ಬರು ಗಡಿಯಾರ ಹಿಡಿದರು, ಉಳಿದವರು ಹೆಜ್ಜೆ ಎಣಿಸಿದರು. ಜನ, ಆಟೊ, ದನ, ಅಂಗಡಿ ದಾಟಿ ನಮಗೆ ಹತ್ತಕ್ಕಿಂತ ಜಾಸ್ತಿಯೇ ಹಿಡಿಯಿತು. ಪೇಪರ್ ಹಂಚುವ ಹುಡುಗ ಇದನ್ನು ಶಾಲೆಗೆ ಮೊದಲೇ ಮುಗಿಸಬೇಕಿತ್ತಲ್ಲ ಅನ್ನುವ ಮಾತು ಅವರಲ್ಲೇ ಬಂತು.

ಸುಣ್ಣದ ಬಗ್ಗೆ ಒಂದು ಸಣ್ಣ ಪ್ರಯೋಗವನ್ನು ಊರಿಗೆ ಬಂದ ಮೇಲೆ ಮಾಡಿದೆವು. ಕಡಲ ದಂಡೆಯ ಊರುಗಳಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ರೂಢಿ ಹಳೆಯದು. ಆರಿಸಿ ತಂದ ಒಡಕು ಚಿಪ್ಪನ್ನು ಕುಟ್ಟಿ ಪುಡಿ ಮಾಡಿ ನಿಂಬೆಹಣ್ಣು ಹಿಂಡಿದರೆ ಸಣ್ಣ ಗುಳ್ಳೆ ಏಳುತ್ತವೆ. ಓಣಿಯ ಹಳೇ ಗೋಡೆಯಿಂದ ಉದುರಿದ ಗಾರೆಯ ಪುಡಿಗೂ ಹಾಗೇ ಆಗುತ್ತದೆ.

ಪೇಯ್ಕರುಂಬಿನ ಸ್ಮಾರಕಕ್ಕೆ ಸಂಜೆ ಹೋದೆವು. ಕಲಾಂ ಅವರ ಸಮಾಧಿ ಅಲ್ಲಿದೆ. 2015ರ ಜುಲೈ 27ರಂದು ಅವರು ತೀರಿಕೊಂಡರು, ಎರಡು ವರ್ಷಕ್ಕೆ ಸರಿಯಾಗಿ ಸ್ಮಾರಕ ತೆರೆಯಿತು. ಮಕ್ಕಳಿಗೆ ಕ್ಷಿಪಣಿಯ ಮಾದರಿ ಇಷ್ಟವಾಗೇ ಆಗುತ್ತದೆ, ನಾವು ಹೇಳಿಕೊಡುವುದೇನೂ ಬೇಡ. ಮನೆಯನ್ನು ಮೊದಲು, ಸ್ಮಾರಕವನ್ನು ಆಮೇಲೆ ನೋಡಿ ಅಂತ ಮಾತ್ರ ಹೇಳುತ್ತೇನೆ. ರಾಕೆಟ್ ನೋಡಿದ ಮೇಲೆ ಯಾವ ಮಗುವಿಗೂ ಮನೆ ಹಿಡಿಸುವುದಿಲ್ಲ. 2002ರಿಂದ 2007ರವರೆಗೆ ಅವರು ಇದ್ದ ರಾಷ್ಟ್ರಪತಿ ಭವನದಲ್ಲಿ 340 ಕೋಣೆ ಅಂದಾಗ, "ಕಸಾ ಯಾರು ಹೊಡೀತಾರ್ರೀ?" ಅನ್ನುವುದೇ ಮೊದಲ ಪ್ರಶ್ನೆ.

ರಾಮೇಶ್ವರದ ಅಂಚೆ ಕಚೇರಿಯಿಂದ ಪ್ರತಿ ಮಗುವೂ ಯಾತ್ರೆಗೆ ಬರಲಾಗದ ಓಣಿಯ ಗೆಳೆಯರಿಗೆ ಒಂದೊಂದು ಕಾರ್ಡು ಬರೆಯಿತು. ಕಾರ್ಡಿಗೆ ಐವತ್ತು ಪೈಸೆ. ಅವರೆಲ್ಲ ಬೀಜ ತೂಗಿದವರು, ಕಟ್ಟು ಹಿಡಿದವರು. ಹೀಗಾಗಿ ಬರೆಯಲು ವಿಷಯ ಇತ್ತು, ಓದುವವರಿಗೂ ತಿಳಿಯಿತು.

ಹೋಗುವವರಿಗೆ ಒಂದೆರಡು ಮಾತು. ದಸರಾ ಮುಗಿಯುವ ಹೊತ್ತಿಗೆ ಆ ಕಡೆ ಹಿಂಗಾರು ಮಳೆ ಶುರುವಾಗುತ್ತದೆ, ಛತ್ರಿ ಇರಲಿ. ಕಲಾಂ ಮನೆ ಇರುವ ಮಸೀದಿ ಬೀದಿಗೆ ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಮಹಡಿಯ ಸಂಗ್ರಹಾಲಯಕ್ಕೆ ಮಕ್ಕಳನ್ನು ಸಣ್ಣ ಸಣ್ಣ ಗುಂಪಾಗಿ ಹತ್ತಿಸಿ.

ಈ ಬೇಸಿಗೆಗೆ ಅಷ್ಟು ದೂರ ಹೋಗುವುದಿಲ್ಲ. ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ ಅವರ ಮನೆ ಇದೆ. ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಅದೇ ಗೊತ್ತಿಲ್ಲ. ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿಯಲು ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು. ಮೊದಲು ಮಕ್ಕಳನ್ನು ಆ ರೈಲಿನಲ್ಲಿ ಕೂರಿಸಬೇಕು ಅಂತಿದ್ದೇನೆ. ಮನೆ ಆಮೇಲೆ.